ಮೂರನೇ ಮಹಡಿಯ ಹೊಸ್ತಿಲು

ನಮ್ಮವ್ವ ಕುವೈತಿಗೆ ಬಂದ ದಿನ ನಮ್ಮ ಫ್ಲ್ಯಾಟಿನ ಬಾಗಿಲವರೆಗೆ ಬಂದವಳು ಒಳಗೆ ಕಾಲಿಡಲೇ ಇಲ್ಲ. ವಿಮಾನದಲ್ಲಿ ಕೂತು ಕೂತು ಕಾಲು ಊದಿಕೊಂಡಿದ್ದವು. ಒಂದು ಕೈಯಲ್ಲಿ ಖಡಕ್ ರೊಟ್ಟಿಯ ಗಂಟು, ಹೆಗಲಿಗೆ ಶೇಂಗಾ ಚಟ್ನಿಯ ಚೀಲ. ನನ್ನ ಗಂಡ ಸೂಟ್‌ಕೇಸು ಎಳೆದುಕೊಂಡು ಒಳಗೆ ಹೋಗಿ ಆಗಲೇ ಚಹಾಕ್ಕೆ ನೀರಿಟ್ಟಿದ್ದರು. ಅವ್ವ ಮಾತ್ರ ಹೊರಗೆ ನಿಂತು ನೆಲ ನೋಡುತ್ತಿದ್ದಳು.

"ಯಾಕ ಬೇ, ಬಾ ಒಳಗ," ಅಂದೆ.

"ಬರ್ತೇನಿ. ಹೊಸ್ತಿಲ ಎಲ್ಲೈತಿ?"

ನಾನೂ ಬಗ್ಗಿ ನೋಡಿದೆ. ಬಗ್ಗಿದೆ ಅಂದರೆ ಬಗ್ಗಲು ನೋಡಿದೆ, ಬಸುರಿ ಹೊಟ್ಟೆ ಅಡ್ಡ ಬಂತು. ಕಾರಿಡಾರಿನ ಟೈಲ್ಸು ಸೀದಾ ಬಂದು ನಮ್ಮ ಹಾಲಿನ ಟೈಲ್ಸಿಗೆ ಕೂಡಿಕೊಂಡಿತ್ತು. ನಡುವೆ ಒಂದು ತೆಳ್ಳನೆಯ ಅಲ್ಯೂಮಿನಿಯಂ ಪಟ್ಟಿ, ಅಷ್ಟೇ. ಈ ಫರ್ವಾನಿಯಾದ ಮನೆಯಲ್ಲಿ ಎಷ್ಟೋ ವರ್ಷದಿಂದ ಇದ್ದೇವೆ, ಆದರೆ ಬಾಗಿಲಿಗೆ ಹೊಸ್ತಿಲಿಲ್ಲ ಅನ್ನುವುದು ನನ್ನ ಕಣ್ಣಿಗೆ ಬಿದ್ದದ್ದು ಆವತ್ತೇ.

"ಇಲ್ಲಿ ಎಲ್ಲಾರ ಮನಿಗೂ ಹಿಂಗ ಬೇ."

"ಹೊಸ್ತಿಲಿಲ್ಲಂದ್ರ ಮನಿ ಎಲ್ಲಿ ಸುರು ಆತು, ಓಣಿ ಎಲ್ಲಿ ಮುಗೀತು?" ಅಂದವಳು ಆ ಪಟ್ಟಿಯನ್ನೇ ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಬಲಗಾಲಿಟ್ಟು ಒಳಗೆ ಬಂದಳು. ಬೆರಳಿಗೆ ಹತ್ತಿದ ಧೂಳನ್ನು ನನಗೆ ತೋರಿಸಿದಳು. ಬೈದಿದ್ದರೆ ಚಲೋ ಇತ್ತು.

ನಾನು ಗುಳೇದಗುಡ್ಡದ ನೇಕಾರರ ಓಣಿಯವಳು. ನಮ್ಮಪ್ಪನ ಕಡೆ, ಅವ್ವನ ಕಡೆ ಎರಡೂ ಸೇರಿಸಿ ಹುಡುಕಿದರೂ ಡಿಗ್ರಿ ಮುಗಿಸಿದ ಮೊದಲನೆಯವಳು ನಾನೇ. ಬೆಳಿಗ್ಗೆ ಎದ್ದು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಟ್ಟು, ಬಸ್ಸಿನಲ್ಲಿ ನಿಂತುಕೊಂಡು ಬಾಗಲಕೋಟೆಗೆ ಹೋಗಿ, ಸಂಜೆ ಬಂದು ಮತ್ತೆ ಕಂಡಿಕೆ ಸುತ್ತಿ ಬಿ.ಎಸ್ಸಿ. ಮಾಡಿದವಳು. ಈಗ ಜಹ್ರಾದ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ನೌಕರಿ. ಡಿಗ್ರಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಬಾಗಿಲಿಗೆ ಎದುರಾಗಿಯೇ ಗೋಡೆಗೆ ತೂಗುಹಾಕಿದ್ದೇನೆ. ಮನೆಗೆ ಬಂದವರು ದೇವರ ಫೋಟೋ ನೋಡುವ ಮೊದಲು ಅದನ್ನು ನೋಡುತ್ತಾರೆ. ನೋಡಲಿ ಅಂತಲೇ ಅಲ್ಲಿ ಹಾಕಿದ್ದು. ಇದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ.

ಅವ್ವನಿಗೂ ಇರಲಿಲ್ಲ. ಮರುದಿನ ಬೆಳಿಗ್ಗೆ ಆಕೆ ಮೊದಲು ಮಾಡಿದ ಕೆಲಸವೆಂದರೆ ಸ್ಟೂಲು ಹತ್ತಿ ಸೆರಗಿನಿಂದ ಆ ಗಾಜು ಒರೆಸಿದ್ದು. ಆಮೇಲೆ ಸೂಟ್‌ಕೇಸು ತೆಗೆದು, ಸೀರೆಯೊಳಗೆ ಸುತ್ತಿ ತಂದಿದ್ದ ಕಸಬರಿಗೆಯನ್ನು ಹೊರಗೆ ತೆಗೆದಳು. ಊರಿನಿಂದ ಕಸಬರಿಗೆ! ಏರ್‌ಪೋರ್ಟಿನಲ್ಲಿ ಸಾಮಾನು ತಪಾಸಣೆ ಮಾಡಿದವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕುಬಿಟ್ಟನಂತೆ. "ನಗಲಿ ಬಿಡು. ಅವರ ಅವ್ವಾನೂ ಎಲ್ಯರ ಕಸಾ ಹೊಡದಿರ್ತಾಳ," ಅಂದಳು ಅವ್ವ.

ಆಕೆಯನ್ನು ಕರೆಸಿಕೊಂಡದ್ದು ಬಾಣಂತನಕ್ಕೆ. ನನ್ನ ಮೊದಲ ಮಗಳು ಊರಿನಲ್ಲಿ ಹುಟ್ಟಿದವಳು, ಅವ್ವನ ಕೈಯಲ್ಲೇ ಎಣ್ಣೆ ನೀರು ಹಾಕಿಸಿಕೊಂಡವಳು. ಈ ಸಲ ಹೆರಿಗೆ ಇಲ್ಲಿಯೇ ಅಂತ ಆಗಿತ್ತು. ಗಂಡನಿಗೆ ಶುವೈಖಿನ ವರ್ಕ್‌ಶಾಪಿನಲ್ಲಿ ಎ.ಸಿ. ಕೆಲಸ, ರಜೆ ಕೇಳಿದರೆ ಮೇಲಿನವನು ಕೈಗಡಿಯಾರ ನೋಡುತ್ತಾನೆ. ಮಗಳಿಗೆ ಶಾಲೆ. ಅವ್ವ ಇಲ್ಲದಿದ್ದರೆ ಹಸುಗೂಸು, ಮನೆ, ನಾನು, ಮೂರನ್ನೂ ಹಿಡಿಯುವವರು ಯಾರೂ ಇರಲಿಲ್ಲ. ಲ್ಯಾಬಿನಲ್ಲಿ ಬೇರೆಯವರ ರಕ್ತದ ರಿಪೋರ್ಟು ನೋಡಿ ಧೈರ್ಯ ಹೇಳುವವಳು ನಾನು, ಈ ಒಂದು ವಿಷಯದಲ್ಲಿ ಮಾತ್ರ ನನಗೇ ಧೈರ್ಯ ಇರಲಿಲ್ಲ. ಅವ್ವ ಇರಬೇಕು, ಅಷ್ಟೇ.

ಕುವೈತಿನ ಚಳಿಗಾಲ ಗೊತ್ತಿಲ್ಲದವರು ಇಲ್ಲಿ ಬರೀ ಬಿಸಿಲು ಅಂದುಕೊಂಡಿರುತ್ತಾರೆ. ನವೆಂಬರ್ ಬಂದರೆ ವಾಯವ್ಯದ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತದೆ. ಅದರ ಜೊತೆ ಬರುವ ಧೂಳು ನಮ್ಮೂರ ಧೂಳಲ್ಲ. ನಮ್ಮೂರ ಧೂಳು ಕಣ್ಣಿಗೆ ಕಾಣುತ್ತದೆ, ಗುಡಿಸಿದರೆ ಕೂಡುತ್ತದೆ. ಇಲ್ಲಿನದು ಜರಡಿ ಹಿಡಿದ ಮೈದಾ ಹಿಟ್ಟು. ಗುಡಿಸಿದರೆ ಎದ್ದು ನಿಲ್ಲುತ್ತದೆ, ನೀವು ಹೋದ ಮೇಲೆ ಮತ್ತೆ ಕೂರುತ್ತದೆ. ಅದರ ಮೇಲೆ ಒಂದು ಮಳೆ ಬಿದ್ದರೆ ಮುಗಿಯಿತು. ಮಳೆಯೇ ಮಣ್ಣಿನ ಬಣ್ಣದ್ದು. ಆ ರಾಡಿ ಎಲ್ಲರ ಬೂಟಿಗೆ ಹತ್ತಿ, ಲಿಫ್ಟು ಹತ್ತಿ, ಮೂರನೇ ಮಹಡಿಗೆ ಬಂದು, ನಮ್ಮ ಬಾಗಿಲ ಮುಂದೆ ಒಣಗಿ, ಬಾಗಿಲ ಕೆಳಗಿನ ಸಂದಿಯಿಂದ ಮನೆಯೊಳಗೆ ಬರುತ್ತದೆ.

ನನ್ನ ಮಗಳ ಇಂಗ್ಲಿಷ್ ಪುಸ್ತಕದಲ್ಲಿ ಚಳಿಗಾಲದ ಪಾಠವೊಂದಿತ್ತು. ಉಣ್ಣೆ ಟೋಪಿ ಹಾಕಿಕೊಂಡ ಹುಡುಗಿ ಮನೆ ಬಾಗಿಲ ಮುಂದಿನ ಹಿಮವನ್ನು ಸಲಿಕೆಯಿಂದ ಎತ್ತಿ ಹಾಕುತ್ತಿರುವ ಚಿತ್ರ. "ಮಮ್ಮಿ, ವೈ ಡೋಂಟ್ ವೀ ಹ್ಯಾವ್ ಸ್ನೋ?" ಅಂತ ದಿನಾ ಕೇಳುತ್ತಿದ್ದಳು. ನಾವು ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ. ಅವ್ವ ಆ ಚಿತ್ರವನ್ನು ಕನ್ನಡಕ ಹಾಕಿಕೊಂಡು ನೋಡಿ ಹೇಳಿದ್ದು ಇಷ್ಟು: "ನೋಡು, ಅಂಥಾ ಥಂಡ್ಯಾಗೂ ಆ ಹುಡುಗಿ ಬಾಗಲ ಮುಂದ ಸ್ವಚ್ಛ ಮಾಡಾಕತ್ತೈತಿ. ನಿಮ್ಮವ್ವಗ ತೋರಸು."

ಊರಿನಲ್ಲಿ ನಮ್ಮ ಮನೆಯ ಬಾಗಿಲು ಸೀದಾ ಓಣಿಗೇ ತೆರೆಯುತ್ತದೆ. ಅಂಗಳ ಅಂತ ಇರುವುದು ಒಂದು ಚಾಪೆ ಹಾಸುವಷ್ಟು ಜಾಗ. ಅಷ್ಟಕ್ಕೇ ಅವ್ವ ದಿನಾ ಸಗಣಿ ನೀರಿನ ಥಳಿ ಹೊಡೆದು, ರಂಗೋಲಿ ಎಳೆದು, ಹೊಸ್ತಿಲು ತೊಳೆದು ಅರಿಷಿಣ ಕುಂಕುಮ ಹಚ್ಚುತ್ತಿದ್ದಳು. ಹೊಸ್ತಿಲು ಒಣಗುವ ತನಕ ನಾನು ಪುಸ್ತಕ ತೆಗೆಯುವಂತಿರಲಿಲ್ಲ. "ಸರಸ್ವತಿ ರಾಡ್ಯಾಗ ಕಾಲಿಟ್ಟು ಬರಂಗಿಲ್ಲ," ಅನ್ನುತ್ತಿದ್ದಳು. ಪರೀಕ್ಷೆ ದಿನ ಆಕೆ ಇನ್ನೂ ಬೇಗ ಏಳುತ್ತಿದ್ದಳು. ನನ್ನ ಡಿಗ್ರಿಯಲ್ಲಿ ಆ ಹೊಸ್ತಿಲಿನದೂ ಒಂದು ಪಾಲಿದೆ ಅಂತ ಆಕೆಯ ಲೆಕ್ಕ, ನಾನೂ ಒಪ್ಪುತ್ತೇನೆ.

ಇಂಥ ಹೆಂಗಸನ್ನು ತಂದು ಟೈಲ್ಸಿನ ಕಾರಿಡಾರಿನ ಮುಂದೆ ಕೂರಿಸಿದರೆ ಏನಾಗಬೇಕು? ಮೊದಲು ಸಗಣಿ ಕೇಳಿದಳು. ಇಲ್ಲ ಅಂದೆ. ಬಾಗಿಲ ಮುಂದೆ ರಂಗೋಲಿ ಎಳೆದಳು. ಧೂಳು ಗುಡಿಸುವ ಯಂತ್ರ ಹಿಡಿದು ಬಂದ ಹಾರಿಸ್ ಅದನ್ನೂ ಧೂಳೆಂದೇ ತಿಳಿದು ಎಳೆದುಕೊಂಡು ಹೋದ. ಕಟ್ಟಡ ನೋಡಿಕೊಳ್ಳುವವನಿಗೆ ಇಲ್ಲಿ ಹಾರಿಸ್ ಅನ್ನುತ್ತಾರೆ. ನಮ್ಮವನು ಬಾಂಗ್ಲಾದೇಶದವನು, ವಯಸ್ಸಾದವನು, ಮಾತಿಗಿಂತ ಹೆಚ್ಚು ಕೆಮ್ಮುವವನು. ಅವ್ವ ಅವನನ್ನು ನೋಡಿ, "ಪಾಪ, ಬರೇ ಮಿಶನ್ನ ನಂಬ್ಯಾನ," ಅಂದಳು.

ಎದುರು ಫ್ಲ್ಯಾಟಿನಲ್ಲಿ ಮಂಗಳೂರು ಕಡೆಯ ಅಕ್ಕ ಇದ್ದಾರೆ. ಮನೆಯಲ್ಲಿ ತುಳು, ನಮ್ಮೊಂದಿಗೆ ಅವರ ಕನ್ನಡ. ಅವರ ಬಾಗಿಲ ಮುಂದೆ ಯಾವಾಗಲೂ ಚಪ್ಪಲಿ ಬೂಟುಗಳ ಗುಡ್ಡ. ಅವ್ವ ದಿನಾ ಆ ಗುಡ್ಡವನ್ನು ಜೋಡಿ ಜೋಡಿ ಮಾಡಿ ಗೋಡೆಗೆ ಹಚ್ಚಿಡುತ್ತಿದ್ದಳು. ಒಂದು ದಿನ ಅಕ್ಕ ಬಾಗಿಲು ತೆರೆದು ನೋಡಿಬಿಟ್ಟರು.

"ಅಯ್ಯೋ ಅಮ್ಮಾ, ನಿಮಗೆ ಎಂತಕ್ಕೆ ಈ ಪ್ರಾಯದಲ್ಲಿ ನಮ್ಮ ಚಪ್ಪಲಿ ಮುಟ್ಟುವ ಕೆಲಸ? ಬಿಡಿ ಮಾರಾಯ್ರೆ, ನನಗೆ ನಾಚಿಕೆ ಆಗ್ತದೆ."

"ನಾಚಿಕಿ ಆದ್ರ ಒಳಗ ಇಟ್ಕೋರಿ," ಅಂದಳು ಅವ್ವ, ನಗುತ್ತಲೇ.

ಅಕ್ಕ ನಕ್ಕು ನಕ್ಕು ಬಾಗಿಲಿಗೆ ಒರಗಿದರು. "ನಿನ್ನ ಅಮ್ಮನ ಬಾಯಿ ಉಂಟಲ್ಲ, ಭಾರೀ ಕಷ್ಟ ಮಾರಾಯ್ತಿ," ಅಂದರು ನನಗೆ. ಆವತ್ತಿನಿಂದ ಇಬ್ಬರಿಗೂ ಸ್ನೇಹ. ಚಪ್ಪಲಿ ಮಾತ್ರ ಒಳಗೆ ಹೋಗಲಿಲ್ಲ.

ಹಾಗೆ ದಿನ ಚೆನ್ನಾಗಿಯೇ ಸಾಗುತ್ತಿತ್ತು, ಮೊದಲ ಮಳೆ ಬೀಳುವ ತನಕ.

ಮಳೆಯ ಮರುದಿನ ನಾನು ಕ್ಲಿನಿಕ್ಕಿಗೆ, ಗಂಡ ಶುವೈಖಿಗೆ, ಮಗಳು ಶಾಲೆಗೆ ಹೋಗಿದ್ದೆವು. ಹಿಂದಿನ ದಿನದ ಮಣ್ಣುಮಳೆಗೆ ಕಾರಿಡಾರಿನ ತುಂಬ ಬೂಟಿನ ಗುರುತು ಒಣಗಿತ್ತು. ಅವ್ವನಿಗೆ ತಡೆಯಲಿಲ್ಲ. ಸೀರೆ ಎತ್ತಿ ಸಿಕ್ಕಿಸಿ, ಬಚ್ಚಲಿನಿಂದ ಬಕೆಟ್ಟು ಬಕೆಟ್ಟು ನೀರು ಹೊತ್ತು ತಂದು ಸುರಿದು, ಊರ ಕಸಬರಿಗೆಯಿಂದ ತಿಕ್ಕಿ ತೊಳೆದಳು. ಊರಿನಲ್ಲಿ ನೀರು ಸುರಿದರೆ ಅದು ಓಣಿಯ ಗಟಾರಕ್ಕೆ ಹೋಗುತ್ತದೆ. ನೀರು ತನ್ನ ದಾರಿ ತಾನು ಹುಡುಕಿಕೊಳ್ಳುತ್ತದೆ ಅಂತ ಆಕೆ ಹುಟ್ಟಿದಾಗಿನಿಂದ ನೋಡಿದ್ದಾಳೆ. ಇಲ್ಲಿಯೂ ನೀರು ದಾರಿ ಹುಡುಕಿಕೊಂಡಿತು. ಲಿಫ್ಟಿನ ಬಾಗಿಲ ಸಂದಿಯಿಂದ ಕೆಳಗಿಳಿಯಿತು.

ನಾನು ಮಧ್ಯಾಹ್ನ ಕ್ಲಿನಿಕ್ಕಿನ ವ್ಯಾನಿನಿಂದ ಇಳಿದು ಒಳಗೆ ಬಂದರೆ ಹಾರಿಸ್ ಲಿಫ್ಟಿನ ಮುಂದೆ ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಿದ್ದ.

"ಲಿಫ್ಟ್ ಖಲಾಸ್," ಅಂದ. "ಮಾಜಿ ಪಾನಿ ಡಾಲಾ. ಬಹುತ್ ಪಾನಿ."

ನೀರು ಸುರಿದ ಮಾಜಿ, ಅಂದರೆ ಅಮ್ಮ, ಯಾರು ಅಂತ ಕೇಳಬೇಕಾಗಿರಲಿಲ್ಲ. ಕಂಬಿ ಹಿಡಿದುಕೊಂಡು ಮೆಟ್ಟಿಲು ಹತ್ತಲು ಶುರು ಮಾಡಿದೆ. ಒಂದು ಮಹಡಿ ಹತ್ತಿ ಮೆಟ್ಟಿಲ ಮೇಲೆ ಕೂತೆ. ಮತ್ತೊಂದು ಹತ್ತಿ ಮತ್ತೆ ಕೂತೆ. ತಲೆ ಎತ್ತಿದರೆ ಅವ್ವ ಮೇಲಿನ ತಿರುವಿನಲ್ಲಿ ನಿಂತಿದ್ದಾಳೆ, ಒದ್ದೆ ಸೆರಗು ಕೈಯಲ್ಲಿ. ನನ್ನ ಮುಖ ನೋಡಲಿಲ್ಲ, ಹೊಟ್ಟೆಯನ್ನು ನೋಡಿದಳು. ಇಳಿದು ಬಂದು ನನ್ನ ತೋಳಿನ ಕೆಳಗೆ ತನ್ನ ಹೆಗಲು ಕೊಟ್ಟಳು.

"ನಿಧಾನ ಯವ್ವಾ... ನಿಧಾನ," ಅನ್ನುತ್ತ ಮನೆ ಸೇರಿಸಿದಳು.

ಸಂಜೆ ಕಟ್ಟಡದ ಮಾಲೀಕರ ಕಡೆಯವನೊಬ್ಬ ಬಂದು, ಕಾರಿಡಾರಿನಲ್ಲಿ ಇನ್ನು ಮೇಲೆ ಒಂದು ಹನಿ ನೀರೂ ಬೀಳಕೂಡದು ಅಂತ ಹೇಳಿ ಹೋದ. ಮರ್ಯಾದೆಯಿಂದಲೇ ಹೇಳಿದ. ಆದರೆ ಅವ್ವನಿಗೆ ಅವನ ಬೆರಳು ಆಡಿದ ರೀತಿ ಸಾಕಾಯಿತು. ಅವನು ಹೋದ ಮೇಲೆ ಸೋಫಾದ ತುದಿಯಲ್ಲಿ ಕೂತು ಹೇಳಿದಳು:

"ತಂಗಿ, ನನ್ನ ಟಿಕೀಟ ಮಾಡಸವ್ವ."

"ಏನ್ ಮಾತ ಬೇ ಇದು?"

"ಬಾಣಂತನ ಮಾಡಾಕ ಬಂದಾಕಿ ಬಸರಿ ಮಗಳನ್ನ ಮೆಟ್ಟಲಾ ಹತ್ತಿಸಿದೆ. ಇನ್ನ ಏನ್ ನೋಡಾಕ ಇರ್ಲಿ? ಈ ಊರಿನ ನೀರು ನನ್ನ ಮಾತ ಕೇಳಂಗಿಲ್ಲ."

ನಾನು ಹೇಳಿದೆ, ಗಂಡ ಹೇಳಿದರು, ಎದುರು ಮನೆಯ ಅಕ್ಕ ಬಂದು, "ಲಿಫ್ಟ್ ಹಾಳಾಗುವುದು ಹೊಸತಾ ಅಮ್ಮಾ? ಕಳೆದ ವರ್ಷ ನಮ್ಮ ಮೀನಿನ ಬುಟ್ಟಿಯ ನೀರು ಸೋರಿ ಇಡೀ ಲಿಫ್ಟ್ ಒಂದು ವಾರ ನಾರಿತ್ತು. ನಾನು ಊರಿಗೆ ಹೋದೆನಾ?" ಅಂತ ಕೇಳಿದರು. ಅವ್ವ ನಕ್ಕಳು, ಮನಸ್ಸು ಬದಲಿಸಲಿಲ್ಲ. ಲಿಫ್ಟು ರಿಪೇರಿಯಾಯಿತು, ಆದರೆ ಅವ್ವ ಅದರೊಳಗೆ ಕಾಲಿಡಲಿಲ್ಲ. ಕಸಬರಿಗೆ ಬಾಗಿಲ ಹಿಂದೆ ಹೋಯಿತು. ಬೆಳಿಗ್ಗೆ ಎದ್ದು ನೆಂಟರ ಮನೆಗೆ ಬಂದವಳ ಹಾಗೆ ಸೋಫಾದ ಮೇಲೆ ಕೂರುತ್ತಿದ್ದಳು. ಊಟಕ್ಕೆ ಕರೆದರೆ ಬರುತ್ತಿದ್ದಳು. ಬೈಯುವುದನ್ನೂ ಬಿಟ್ಟಳು. ನನಗೆ ಹೆದರಿಕೆಯಾದದ್ದು ಆಗಲೇ. ನಮ್ಮವ್ವ ಬೈಯುವುದನ್ನು ಬಿಟ್ಟಳೆಂದರೆ ಆಕೆಯ ಗಂಟು ಕಟ್ಟಿಯಾಯಿತು ಅಂತಲೇ ಅರ್ಥ.

ಒಂದು ಸಂಜೆ ಗಾಳಿ ಜೋರಾಗಿತ್ತು. ನಾನು ಕಾಲು ಚಾಚಿ ಮಲಗಿದ್ದೆ. ಬಾಗಿಲ ಕೆಳಗಿನ ಸಂದಿಯಿಂದ ಕಾರಿಡಾರಿನ ಬೆಳಕು ಗೆರೆಯಂತೆ ಕಾಣುತ್ತಿತ್ತು, ಅದರ ಮುಂದೆ ಧೂಳು ಬೀಸಣಿಗೆಯಂತೆ ಹರಡಿತ್ತು. ಅಲ್ಲಿ ಹಳೆ ಟವೆಲ್ಲು ಸುತ್ತಿ ತುರುಕುವುದು ಇಲ್ಲಿಯ ಎಲ್ಲರ ರೂಢಿ. ನಾವೂ ತುರುಕಿದ್ದೆವು. ಬಾಗಿಲು ತೆರೆದಾಗಲೆಲ್ಲ ಅದು ಸರಿದು ಮೂಲೆ ಸೇರುತ್ತಿತ್ತು. ನೋಡುತ್ತ ನೋಡುತ್ತ ನನಗೆ ಹೊಳೆಯಿತು: ಈ ಜಾಗದಲ್ಲಿ ಇರಬೇಕಾದದ್ದು ಟವೆಲ್ಲಲ್ಲ. ಅವ್ವ ಮೊದಲ ದಿನವೇ ಹೇಳಿದ್ದಳಲ್ಲ.

ಗಂಡ ಅಡಿಗೆಮನೆಯಲ್ಲಿದ್ದರು. ಮೆಲ್ಲಗೆ ಹೋಗಿ ಹೇಳಿದೆ: "ಏನ್ರೀ, ಶುವೈಖದಾಗ ಬಡಿಗ್ಯಾರು ಅದಾರಲ್ಲ, ಒಂದು ಹೊಸ್ತಿಲ ಮಾಡಿಸ್ಕೊಂಡು ಬರ್ರಿ."

"ಬರೇ ಹೊಸ್ತಿಲ?"

"ಬರೇ ಹೊಸ್ತಿಲ."

"ಬಾಗಲಾ ಇಲ್ಲದ ಹೊಸ್ತಿಲ ಕೇಳಿದ್ರ ನನಗ ತಲಿ ಕೆಟ್ಟೈತಿ ಅಂತಾನ ಅಂವ."

"ಅಂದ್ರ ಅನ್ಲಿ. ನಿಮ್ಮತ್ತಿ ಊರಿಗೆ ಹೋದ್ರ ಕೂಸಿನ ಬಟ್ಟಿ ಯಾರು ಒಗೀಬೇಕು ಅಂತ ಒಂದೀಟು ಇಚಾರ ಮಾಡ್ರಿ."

ಅವರು ಇಚಾರ ಮಾಡಿದರು. ಮರುದಿನವೇ ಬಾಗಿಲಿನ ಅಳತೆ ತೆಗೆದುಕೊಂಡು ಹೋದರು.

ಬಡಿಗ ಪೇಶಾವರದ ಕಡೆಯವನಂತೆ. ಮೊದಲು ಅರ್ಥವಾಗದೆ, "ಭಾಯಿ, ದರ್ವಾಜಾ ಕಿಧರ್?" ಅಂತ ಬಾಗಿಲು ಕೇಳಿದನಂತೆ. ನನ್ನ ಗಂಡ ಎರಡು ಕೈ ಅಗಲಿಸಿ, ಕಾಲೆತ್ತಿ ದಾಟಿ ತೋರಿಸಿದರಂತೆ. ಅಂಗಡಿಯವರೆಲ್ಲ ಕೆಲಸ ನಿಲ್ಲಿಸಿ ನೋಡಿದರಂತೆ. ಕೊನೆಗೆ ಅವನು ಹಳೆಯ ಬಾಗಿಲೊಂದರ ಗಟ್ಟಿ ಮರ ಹುಡುಕಿ, ಕೊಯ್ದು, ಹತರಿ ಹಿಡಿದು ನುಣ್ಣಗೆ ಮಾಡಿ ಕೊಟ್ಟ. ಅದು ಕಾರಿನ ಕಿಟಕಿಯಿಂದ ಅರ್ಧ ಹೊರಗೆ ಚಾಚಿಕೊಂಡು ಫರ್ವಾನಿಯಾಕ್ಕೆ ಬಂತು.

ಇಲ್ಲಿ ಶುಕ್ರವಾರ ರಜೆಯ ದಿನ, ಅವ್ವನಿಗೆ ಅದು ಲಕ್ಷ್ಮಿಯ ದಿನ. ಇಬ್ಬರಿಗೂ ಅನುಕೂಲವಾಯಿತು. ಹಾರಿಸ್‌ನನ್ನು ಮೊದಲೇ ಕೇಳಿದ್ದೆವು. ತೂತು ಕೊರೆಯಬೇಡಿ, ಅಂಟು ಹಾಕಿ ಬೇಕಾದ್ದು ಕೂರಿಸಿಕೊಳ್ಳಿ ಅಂದಿದ್ದ. ಗಂಡ ಬಾಗಿಲ ಚೌಕಟ್ಟಿನ ನಡುವೆ ಸಿಲಿಕಾನ್ ಗಮ್ಮು ಹಚ್ಚಿದರು. ಅವ್ವ ಸೋಫಾದ ಮೇಲೆ ಟಿವಿ ನೋಡುತ್ತಿದ್ದಳು. ಟಿವಿಯಲ್ಲಿ ಅರಬ್ಬಿ ಸುದ್ದಿ ಬರುತ್ತಿತ್ತು, ಅಷ್ಟು ಲಕ್ಷ್ಯವಿಟ್ಟು ನೋಡುತ್ತಿದ್ದಳು. ಗಂಡ ಮರದ ತುಂಡನ್ನು ಎತ್ತಿ ಇನ್ನೇನು ಇಡಬೇಕು, ಹಿಂದಿನಿಂದ ಒಂದು ಕೂಗು:

"ತಡೀರಿ ಅಳ್ಯಾರ! ಹಂಗ ಇಡ್ತಾರೇನ್ರಿ ಯಾರರ? ಅರಿಷಿಣ ಇಲ್ಲ, ಕುಂಕಮ ಇಲ್ಲ!"

ಟಿವಿ ಬಂದ್ ಆಯಿತು. ಅವ್ವ ಎದ್ದಳು. ಹೊಸ್ತಿಲಿಗೆ ಅಡಿಯಿಂದ ಮುಡಿಯವರೆಗೆ ಅರಿಷಿಣ ಬಳಿದಳು. ಹೊಸ್ತಿಲು ಕೂರಿಸುವಾಗ ಕೆಳಗೆ ಬರಿದಿರಬಾರದೆಂದು ಊರಿನಿಂದ ತಂದಿದ್ದ ಜೋಳದ ನಾಲ್ಕು ಕಾಳನ್ನು ಆ ಗಮ್ಮಿನ ಮೇಲೆ ಹಾಕಿದಳು. "ಮಟ್ಟ ಕೂಡಂಗಿಲ್ರಿ ಅತ್ತಿಯವರ," ಅಂದರು ಗಂಡ. "ಮಟ್ಟ ಕೂಡದಿದ್ರೂ ನಡೀತೈತಿ, ಹೊಟ್ಟಿ ತುಂಬಿರ್ಬೇಕು," ಅಂದಳು. ಇವತ್ತಿಗೂ ನಮ್ಮ ಹೊಸ್ತಿಲು ಬಲಗಡೆ ಒಂದು ಕಾಳಿನಷ್ಟು ಎತ್ತರವಿದೆ.

ಗಮ್ಮು ಒಣಗಿದ ಮೇಲೆ ಮೊದಲು ಎಡವಿದವರು ಅದನ್ನು ಕೂರಿಸಿದವರೇ. ಎರಡನೆಯವರು ಎದುರು ಮನೆಯ ಅಕ್ಕ. "ಎಂತ ಮಾರಾಯ್ತಿ, ಕುವೈತಿನಲ್ಲಿ ಎಡವಲಿಕ್ಕೆ ಏನೂ ಇಲ್ಲ ಅಂತ ಊರಿನಿಂದ ತರಿಸಿದ್ದಾ?" ಅಂದರು. ಮನೆಗೆ ಒಮ್ಮೆಲೇ ಕಾನೂನುಗಳೂ ಬಂದವು. ಹೊಸ್ತಿಲು ತುಳಿಯಬಾರದು. ಹೊಸ್ತಿಲ ಮೇಲೆ ಕೂರಬಾರದು. ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಲ್ಲಬಾರದು. ಹೊಸ್ತಿಲ ಆಚೆಯಿಂದ ಈಚೆಗೆ ಏನೂ ಕೊಡಬಾರದು, ತೆಗೆದುಕೊಳ್ಳಬಾರದು. ಊಟದ ಪೊಟ್ಟಣ ತಂದುಕೊಡುವ ಹುಡುಗರಿಗೆ ಫಜೀತಿ. ಒಬ್ಬ ಕೈ ಚಾಚಿದರೆ ಅವ್ವ ಹೊರಗೆ ಹೋಗಿ ಅವನ ಪಕ್ಕ ನಿಂತು ಪೊಟ್ಟಣ ಇಸಿದುಕೊಂಡು ಮತ್ತೆ ದಾಟಿ ಒಳಗೆ ಬರುತ್ತಿದ್ದಳು. ನನಗೆ ಬೈಗುಳವೂ ಮರಳಿ ಸಿಕ್ಕಿತು.

ಒಂದು ಒದ್ದೆ ಬಟ್ಟೆಯಿಂದ ಹೊಸ್ತಿಲು ಒರೆಸುವುದು, ಅಷ್ಟಕ್ಕೇ ಅರಿಷಿಣ ಕುಂಕುಮ, ಒಳಗಡೆ ಸಣ್ಣದೊಂದು ರಂಗೋಲಿ. ಕಾರಿಡಾರಿಗೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಧೂಳೂ ಮರಕ್ಕೆ ತಾಗಿ ಅಲ್ಲಿಯೇ ನಿಲ್ಲತೊಡಗಿತು. ನಾನು ಗೆದ್ದೆ ಅಂದುಕೊಂಡು ಒಂದು ದಿನ ಕೇಳಿಯೇ ಬಿಟ್ಟೆ: "ಇನ್ನ ಟಿಕೀಟಿನ ಮಾತ ಬಿಡ್ತೀಯಿಲ್ಲ ಬೇ?"

ಅವ್ವ ತಲೆ ಎತ್ತಲಿಲ್ಲ. "ಹೊಸ್ತಿಲೇನೋ ಬಂತು. ಆದ್ರ ಆ ಕೆಳಗಿನಾಂವ ಐದಾನಲ್ಲ, ಮುದುಕ, ಅವನ ಮುಖ ಹೆಂಗ ನೋಡ್ಲಿ? ನನ್ನ ಸಲುವಾಗಿ ಎಲ್ಲಾರ ಕಡೆ ಬೈಸ್ಕೊಂಡಾನ. ನಾ ಇಲ್ಲಿದ್ದು ಯಾರಿಗೆ ಏನ್ ಉಪಯೋಗ ಆತು?"

ಇದಕ್ಕೆ ನನ್ನ ಬಳಿ ಮರದ ತುಂಡು ಇರಲಿಲ್ಲ.

ಆಮೇಲಿನ ಒಂದು ಶನಿವಾರ ನನಗೂ ಮಗಳಿಗೂ ರಜೆ, ಗಂಡ ಮಾತ್ರ ಶುವೈಖಿಗೆ ಹೋಗಿದ್ದರು. ಬೆಳಿಗ್ಗೆ ಆಕಾಶ ಬೂದಿಯ ಬಣ್ಣಕ್ಕೆ ತಿರುಗಿತು. ಗುಡುಗಿತು. ಬಾಲ್ಕನಿಯ ತಗಡಿನ ಮೇಲೆ ಯಾರೋ ಜೋಳದ ಚೀಲ ಬಿಚ್ಚಿ ಸುರುವಿದಂತೆ ಸದ್ದು. ಮಗಳು ಕಿಟಕಿಗೆ ಓಡಿದಳು.

"ಸ್ನೋ! ಅಜ್ಜಿ, ಇಟ್ಸ್ ಸ್ನೋ!"

"ಏ, ಆಣಿಕಲ್ಲ ಅದು!" ಅಂದಳು ಅವ್ವ. ಅಷ್ಟರಲ್ಲಿ ಹುಡುಗಿ ಬಾಗಿಲು ತೆರೆದು, ಹೊಸ್ತಿಲು ಹಾರಿ, ಮೆಟ್ಟಿಲು ಇಳಿದು ಹೋಗಿಯಾಗಿತ್ತು. ಲಿಫ್ಟು ಹತ್ತದ ಅವ್ವ ಅವಳ ಹಿಂದೆ ಮೆಟ್ಟಿಲಲ್ಲೇ ಓಡಿದಳು. ನಾನು ಲಿಫ್ಟಿನಲ್ಲಿ ಇಳಿದೆ, ನನಗೆ ಬೇರೆ ದಾರಿ ಇರಲಿಲ್ಲ.

ಕೆಳಗೆ ಕಟ್ಟಡದ ಗಾಜಿನ ಬಾಗಿಲ ಹೊರಗೆ ನಿಜವಾಗಿಯೂ ಬೆಳ್ಳಗಾಗಿತ್ತು. ಆಣೆಕಲ್ಲು ರಾಶಿ ರಾಶಿ ಬಿದ್ದು, ಕಾರುಗಳ ಮೇಲೆ ಕುಣಿದು, ಮೆಟ್ಟಿಲ ಮೇಲೆ ಕೂಡಿತ್ತು. ಅದರ ಹಿಂದೆಯೇ ರಸ್ತೆಯ ಕೆಂಪು ರಾಡಿ ನೀರು ಏರಿ ಬಂದು ಒಳಗೆ ನುಗ್ಗುತ್ತಿತ್ತು. ಹಾರಿಸ್ ಒಬ್ಬನೇ ವೈಪರ್ ಹಿಡಿದು ತಳ್ಳುತ್ತಿದ್ದ, ಕೆಮ್ಮುತ್ತಿದ್ದ. ಅವನು ಒಂದು ಕಡೆ ತಳ್ಳಿದರೆ ನೀರು ಇನ್ನೊಂದು ಕಡೆಯಿಂದ ಬರುತ್ತಿತ್ತು. ಮಳೆಗೆ ಸಿಕ್ಕಿ ಓಡಿ ಬಂದವರೆಲ್ಲ ರಾಡಿ ಬೂಟಿನಲ್ಲೇ ಒಳಗೆ ತುಳಿಯುತ್ತಿದ್ದರು.

ಅವ್ವ ಕೊನೆಯ ಮೆಟ್ಟಿಲಲ್ಲಿ ನಿಂತು ನೆಲ ನೋಡಿದಳು. ನೀರು ಯಾವ ಕಡೆ ಹೊರಟಿದೆ ಅಂತ ಆ ಕಟ್ಟಡದಲ್ಲಿ ಆಕೆಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಒಮ್ಮೆ ಕಲಿತದ್ದು.

"ಲಿಫ್ಟಿಗೆ ಹೊಂಟೈತಿ! ಲಿಫ್ಟು!"

ಎದುರು ಮನೆಯ ಅಕ್ಕನೂ ಗದ್ದಲ ಕೇಳಿ ಇಳಿದು ಬಂದಿದ್ದರು. ಅವ್ವ ಅವರನ್ನು ಮೇಲಕ್ಕೆ ಅಟ್ಟಿದಳು. "ಓಡ್ರಿ, ನನ್ನ ಹಳೀ ಸೀರಿ, ಕಸಬರಿಗಿ ಬಾಗಲ ಹಿಂದ ಅದಾವ, ತರ್ರಿ. ನಿಮ್ಮ ಮನ್ಯಾಗಿನ ಟಾವೆಲ್ಲೂ ತರ್ರಿ. ಅಕ್ಕಿ ಚೀಲ ಇದ್ರ ಅದನ್ನೂ!" ಅಕ್ಕ ಚಪ್ಪಲಿ ಅಲ್ಲೇ ಬಿಟ್ಟು ಓಡಿದರು. ಸೀರೆ ಬಂದ ಕೂಡಲೇ ಅವ್ವ ಒಂದು ತುದಿಯನ್ನು ಹಾರಿಸ್‌ನ ಕೈಗೆ ಕೊಟ್ಟಳು. ಮುದುಕ ಒಂದು ಗಳಿಗೆ ಆಕೆಯ ಮುಖ ನೋಡಿದ. ಆಮೇಲೆ ತುದಿ ಹಿಡಿದುಕೊಂಡ. ಇಬ್ಬರೂ ಸೇರಿ ಅದನ್ನು ಹಗ್ಗದಂತೆ ಹೊಸೆದರು, ಲಿಫ್ಟಿನ ಬಾಗಿಲಿಗೆ ಅಡ್ಡ ಹಾಕಿದರು, ಹಿಂದೆ ಟವೆಲ್ಲು, ಅದರ ಮೇಲೆ ಅಕ್ಕಿ ಚೀಲ. ಇಳಕಲ್ ಸೀರೆಯ ಕೆಂಪು ಸೆರಗು ಲಿಫ್ಟಿಗೆ ಹೊಸ್ತಿಲಾಯಿತು. ನೀರು ಬಂದು ತಾಗಿ, ನಿಂತು, ಪಕ್ಕಕ್ಕೆ ತಿರುಗಿತು.

"ಮಾಜಿ," ಅಂದ ಹಾರಿಸ್ ಉಸಿರು ಬಿಡುತ್ತ, "ಆಜ್ ಪಾನಿ ಡಾಲ್ನಾ ನಹಿ, ನಿಕಾಲ್ನಾ ಹೈ!"

ಇವತ್ತು ನೀರು ಹಾಕುವುದಲ್ಲ, ತೆಗೆಯುವುದು ಅಂದ ಅವನ ಮಾತು ಅವ್ವನಿಗೆ ಪೂರ್ತಿ ತಿಳಿಯಿತು. "ಹಾಕೂದೂ ಬರತೈತಿ, ತೆಗಿಯೂದೂ ಬರತೈತಿ ನನಗ," ಅಂದಳು. ಮುದುಕನಿಗೆ ಕನ್ನಡ ಬಾರದು, ಆದರೂ ನಕ್ಕ. ಆಮೇಲೆ ಅವನು ವೈಪರ್‌ನಿಂದ ತಳ್ಳುವುದು, ಅವ್ವ ಕಸಬರಿಗೆಯಿಂದ ಮೆಟ್ಟಿಲಾಚೆ ಎಳೆಯುವುದು. ಮಗಳು ಕಸ ತುಂಬುವ ಮೊರದಲ್ಲಿ ಆಣೆಕಲ್ಲು ತುಂಬಿ ತುಂಬಿ ಹೊರಗೆ ಚೆಲ್ಲುತ್ತಿದ್ದಳು, ಥೇಟು ಪುಸ್ತಕದ ಹುಡುಗಿಯಂತೆ, ಉಣ್ಣೆ ಟೋಪಿ ಒಂದಿರಲಿಲ್ಲ. ಒಳಗೆ ಬಂದ ಪ್ರತಿಯೊಬ್ಬರಿಗೂ ಅವ್ವ ಬಾಗಿಲಲ್ಲೇ ಬೂಟು ಬಿಚ್ಚಿಸಿದಳು. ಈಜಿಪ್ತಿನ ಮಾಸ್ತರರು ಬಿಚ್ಚಿದರು, ಫಿಲಿಪೀನ್ಸಿನ ನರ್ಸುಗಳು ಬಿಚ್ಚಿದರು. ಹಾರಿಸ್, "ಯಲ್ಲಾ, ಯಲ್ಲಾ, ಮಾಜಿ ಬೋಲಾ!" ಅಂತ ಎಲ್ಲರಿಗೂ ಅವಸರ ಮಾಡುತ್ತ ಆಕೆಯ ಪರವಾಗಿ ಕೂಗುತ್ತಿದ್ದ. ನಾನು ಹಾರಿಸ್‌ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಲ್ಲರಿಗೂ ಸಲಹೆ ಕೊಡುತ್ತಿದ್ದೆ. ಯಾರೂ ಕೇಳಲಿಲ್ಲ.

ಮಳೆ ನಿಂತಿತು. ಲಿಫ್ಟು ಉಳಿಯಿತು. ಹಾರಿಸ್ ತನ್ನ ಕೋಣೆಯಿಂದ ಹಾಲಿಲ್ಲದ ಚಹಾ ಮಾಡಿ ತಂದ. ಎಲ್ಲರೂ ಮೆಟ್ಟಿಲ ಮೇಲೆ ಕೂತು ಕುಡಿದೆವು. ಆಮೇಲೆ ಅವ್ವ ಲಿಫ್ಟಿನ ಮುಂದೆ ಹೋಗಿ, ಸೀರೆಯ ಒಡ್ಡನ್ನು ಹುಷಾರಾಗಿ ದಾಟಿ, ಒಳಗೆ ನಿಂತುಕೊಂಡಳು. "ಬಾ, ಮ್ಯಾಲ ಹೋಗೂನು," ಅಂದಳು ನನಗೆ.

ಮಧ್ಯಾಹ್ನ ಊಟಕ್ಕೆ ಕೂತಾಗ, ಕೆಲಸದಿಂದ ಬಂದಿದ್ದ ಗಂಡ ಬೇಕಂತಲೇ ಕೇಳಿದರು: "ಅತ್ತಿಯವರ, ಟಿಕೀಟ ನೋಡ್ಲೇನ್ರಿ? ಮುಂದಿನ ವಾರದ್ದು ಸಿಗಬಹುದು."

"ಯಾರ ಟಿಕೀಟ?" ಅಂದಳು ಅವ್ವ, ರೊಟ್ಟಿ ಮುರಿಯುತ್ತ. "ನಾಳೆ ಮತ್ತ ಮಳಿ ಬಂದ್ರ ಆ ಮುದುಕ ಒಬ್ಬಾಂವ ಏನ್ ಮಾಡ್ಯಾನು? ನಿಮಗ ಬೇಕಂದ್ರ ನೀವ ಹೋಗಿ ಬರ್ರಿ."

ಫೆಬ್ರವರಿಯಲ್ಲಿ ಮಗ ಹುಟ್ಟಿದ. ಆಸ್ಪತ್ರೆಯಿಂದ ಅವನನ್ನು ಎತ್ತಿಕೊಂಡು ಬಂದ ದಿನ ಲಿಫ್ಟಿನಿಂದ ಇಳಿದರೆ ನಮ್ಮ ಬಾಗಿಲ ಮುಂದೆ ಜನ. ಎದುರು ಮನೆಯ ಅಕ್ಕನ ಚಪ್ಪಲಿಗಳೆಲ್ಲ ಒಳಗೆ ಹೋಗಿದ್ದವು, ಅದೊಂದು ದಿನದ ಮಟ್ಟಿಗೆ. ಹೊಸ್ತಿಲು ಅರಿಷಿಣದಲ್ಲಿ ಹೊಳೆಯುತ್ತಿತ್ತು. ಅವ್ವ ರೊಟ್ಟಿಯ ಚೂರು, ತಂಬಿಗೆ ನೀರು ಹಿಡಿದು ನಿಂತಿದ್ದಳು. ಬಾಣಂತಿ ಮತ್ತು ಕೂಸಿಗೆ ದೃಷ್ಟಿ ತಾಗದಂತೆ ನಿವಾಳಿಸಿ, ಆ ನೀರನ್ನು ಹೊಸ್ತಿಲ ಹೊರಗೆ ಚೆಲ್ಲಿದ ಮೇಲೆಯೇ ಒಳಗೆ ಹೋಗಬೇಕು. ಒಳಗೆ ಚೆಲ್ಲುವಂತಿಲ್ಲ, ಹೊರಗೇ ಆಗಬೇಕು.

ಅವ್ವ ನಿವಾಳಿಸಿದಳು. ಮೂರು ಸುತ್ತು ಮುಗಿಸಿ ಹೊರಗೆ ತಿರುಗಿದಳು. ಅಲ್ಲಿಗೆ ಕೈ ನಿಂತಿತು. ಮುಂದೆ ಕಾರಿಡಾರು, ಅದರಾಚೆ ಲಿಫ್ಟು.

"ಮಾಜಿ, ರುಕೋ, ರುಕೋ!"

ಹಾರಿಸ್ ಮೆಟ್ಟಿಲಿನಿಂದ ಏದುಸಿರು ಬಿಡುತ್ತ ಬಂದ. ಕೈಯಲ್ಲಿ ನೆಲ ಒರೆಸುವ ಬಕೆಟ್ಟು. ತೊಳೆದು ಬೆಳ್ಳಗೆ ಮಾಡಿ ತಂದಿದ್ದ. ಅದನ್ನು ನಮ್ಮ ಹೊಸ್ತಿಲ ಹೊರಗೆ, ಅವ್ವನ ಕಾಲ ಹತ್ತಿರ ಎರಡೂ ಕೈಯಿಂದ ಇಟ್ಟು ಹಿಂದೆ ಸರಿದು ನಿಂತ.

ಅವ್ವ ಬಕೆಟ್ಟು ನೋಡಿದಳು. ಅವನನ್ನು ನೋಡಿದಳು. ತಂಬಿಗೆಯ ನೀರನ್ನು ಒಂದು ಹನಿ ಹೊರಗೆ ಚೆಲ್ಲದಂತೆ ಅದರೊಳಗೆ ಸುರಿದಳು.

"ಆತು, ಬಾ ಯವ್ವಾ ಒಳಗ."

ನಾನು ಕೂಸನ್ನು ಎದೆಗೆ ಅವಚಿಕೊಂಡು ಬಲಗಾಲು ಎತ್ತಿದೆ. ಆಸ್ಪತ್ರೆಯ ಆಯಾಸಕ್ಕೆ ಕಾಲು ಬೇಕಾದಷ್ಟು ಮೇಲೇಳಲಿಲ್ಲ. ಒಳಗಿನಿಂದ ನನ್ನ ಮಗಳು ಕೂಗಿದಳು, ಮಾತು ಬಂದಾಗಿನಿಂದ ನಮಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗಳು:

"ಮಮ್ಮಿ! ಹೊಸ್ತಿಲಾ ತುಳೀಬ್ಯಾಡಾ!"

ಥೇಟು ಅವ್ವನ ದನಿ. ಗಂಡ ನಕ್ಕರು, ಅಕ್ಕ ನಕ್ಕರು, ಕೂಸು ಎಚ್ಚರಾಗಿ ಅತ್ತಿತು. ನಾನು ಕಾಲು ಇನ್ನಷ್ಟು ಎತ್ತಿ, ಆ ಕಾಳಿನಷ್ಟು ಎತ್ತರದ ಬಲಗಡೆಯಿಂದಲೇ ದಾಟಿ ಒಳಗೆ ಬಂದೆ.